ಉಳ್ಳಾಲವೋ, ಸುರತ್ಕಲ್ಲೋ? ಮಂಗಳೂರಿನ ಎರಡು ಕಡಲ ಮಗ್ಗುಲು

ಮುಂಬೈಯಲ್ಲಿರುವ ನನ್ನ ಅಕ್ಕ ಒಂದು ದಿನ ಫೋನ್ ಮಾಡಿದಳು. ಭಾವನ ನಿವೃತ್ತಿ ಹತ್ತಿರ ಬಂದಿತ್ತು. "ಊರಿಗೆ ಬರೋಣ ಅಂತ ಇದ್ದೇವೆ. ಪೇಟೆ ಮಧ್ಯೆ ಬೇಡ. ಕಡಲ ಗಾಳಿ ಬೇಕು, ಆಸ್ಪತ್ರೆ ದೂರ ಇರಬಾರದು. ಉಳ್ಳಾಲ ಆಗಬಹುದಾ, ಸುರತ್ಕಲ್ ಆಗಬಹುದಾ?" ಎಂದು ಕೇಳಿದಳು. ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಮೂರು ವಾರ ಭಾನುವಾರ ಭಾನುವಾರ ಎರಡೂ ಕಡೆ ಸುತ್ತಿದೆ. ಆಗ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇದೇ ಪ್ರಶ್ನೆ ತುಂಬ ಜನರಿಗೆ ಇದೆ ಎಂದು ನನಗೆ ಗೊತ್ತು.

ನಕ್ಷೆಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮಂಗಳೂರು ಎರಡು ಹೊಳೆಗಳ ನಡುವೆ ಕೂತ ಊರು. ತೆಂಕಣಕ್ಕೆ ನೇತ್ರಾವತಿ, ಬಡಗಣಕ್ಕೆ ಫಲ್ಗುಣಿ ಅಥವಾ ಗುರುಪುರ ಹೊಳೆ. ಎರಡೂ ಸೇರಿ ಅಳಿವೆ ಬಾಗಿಲಲ್ಲಿ ಕಡಲಿಗೆ ಬೀಳುತ್ತವೆ. ನೇತ್ರಾವತಿ ದಾಟಿದರೆ ತೊಕ್ಕೊಟ್ಟು, ಉಳ್ಳಾಲ. ಕೂಳೂರಿನಲ್ಲಿ ಹೊಳೆ ದಾಟಿದರೆ ಪಣಂಬೂರು, ಬೈಕಂಪಾಡಿ, ಕುಳಾಯಿ, ಆಮೇಲೆ ಸುರತ್ಕಲ್. ಎರಡಕ್ಕೂ ರಾಷ್ಟ್ರೀಯ ಹೆದ್ದಾರಿ 66 ಇದೆ, ರೈಲು ನಿಲ್ದಾಣ ಇದೆ, ಕಡಲ ದಂಡೆ ಇದೆ, ದಂಡೆಯ ಮೇಲೆ ಶಿವನ ದೇವಸ್ಥಾನ ಇದೆ. ಬ್ರೋಕರ್‌ಗಳು ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸುತ್ತಾರೆ.

ಆದರೆ ಇವೆರಡೂ ಹುಟ್ಟಿದ ರೀತಿಯೇ ಬೇರೆ. ಉಳ್ಳಾಲ ಮಂಗಳೂರಿನ ಹೊರವಲಯ ಆಗುವುದಕ್ಕೆ ನಾನೂರು ವರ್ಷ ಮೊದಲೇ ಸ್ವಂತ ರಾಣಿಯಿದ್ದ ಊರು. ಇವತ್ತು ನಾವು ನೋಡುವ ಸುರತ್ಕಲ್ ಬೆಳೆದದ್ದು 1960ರ ನಂತರ, ಒಂದು ಕಾಲೇಜು ಮತ್ತು ಒಂದು ಬಂದರಿನಿಂದ. ಮನೆ ಹುಡುಕುವವರಿಗೆ ಇತಿಹಾಸ ಯಾಕೆ ಎಂದು ಭಾವ ಕೇಳಿದರು. ರಸ್ತೆ ಅಗಲ ಎಷ್ಟು, ನೆರೆಹೊರೆ ಯಾರು, ಗಾಳಿಯಲ್ಲಿ ಏನು ವಾಸನೆ ಬರುತ್ತದೆ, ಎಲ್ಲ ಅಲ್ಲಿಂದಲೇ ಬಂದದ್ದು.

ಮೊದಲು ಉಳ್ಳಾಲ. ಚೌಟರು ಜೈನ ಅರಸರು. ಪುತ್ತಿಗೆ, ಮೂಡುಬಿದಿರೆ ಅವರ ನೆಲೆ. ಉಳ್ಳಾಲ ಅವರ ಕಡಲ ಬಾಗಿಲು. ಅಳಿಯಕಟ್ಟು ಇದ್ದದ್ದರಿಂದ ಪಟ್ಟ ಹೆಣ್ಣಿನ ಸಾಲಿನಲ್ಲಿ ಹೋಗುತ್ತಿತ್ತು. ಸೋದರಮಾವ ತಿರುಮಲರಾಯ ಅಬ್ಬಕ್ಕನಿಗೆ ಉಳ್ಳಾಲದ ಪಟ್ಟ ಕಟ್ಟಿದ. ಗೋವೆಯಲ್ಲಿ ಕೂತ ಪೋರ್ಚುಗೀಸರಿಗೆ ಕಪ್ಪ ಬೇಕಿತ್ತು. ಅಬ್ಬಕ್ಕ ಕೊಡಲಿಲ್ಲ. ಕಲ್ಲಿಕೋಟೆಯ ಅರಸ ಸಾಮೂದಿರಿಯ ಜೊತೆ ಸ್ನೇಹ ಇಟ್ಟುಕೊಂಡು, ಅರಬ್ಬರ ಜೊತೆ ಕರಿಮೆಣಸಿನ ವ್ಯಾಪಾರ ಮಾಡಿಸಿದಳು. 1555ರಿಂದ ಮುಂದೆ ಮತ್ತೆ ಮತ್ತೆ ದಾಳಿಗಳಾದವು. 1568ರ ಸುಮಾರಿಗೆ ಪೋರ್ಚುಗೀಸರು ಊರಿನೊಳಗೆ ನುಗ್ಗಿದಾಗ ರಾಣಿ ಒಂದು ಮಸೀದಿಯಲ್ಲಿ ಆಶ್ರಯ ಪಡೆದು, ರಾತ್ರಿ ಜನ ಸೇರಿಸಿ ತಿರುಗಿ ಬಿದ್ದಳು ಎನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಅವಳ ಪಡೆಯಲ್ಲಿ ಮೀನುಗಾರ ಮೊಗವೀರರೂ ಇದ್ದರು, ಮಾಪಿಳ್ಳೆ ಮುಸಲ್ಮಾನರೂ ಇದ್ದರು. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಆಳಿದ್ದಾರೆ ಎಂದು ಇತಿಹಾಸ ಓದಿದವರು ಹೇಳುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಇತ್ತ ಬಂದಾಗ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಅವಳು ಪಲ್ಲಕ್ಕಿಯಲ್ಲಿ ಇರಲಿಲ್ಲ. ಕಾಲುವೆ ಅಗೆಯುವ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಬಂದಿದ್ದಳು. ಈ ಚಿತ್ರ ನನಗೆ ಯಾವ ಯುದ್ಧದ ಕಥೆಗಿಂತ ಇಷ್ಟ.

ಇದೆಲ್ಲ ಈಗ ಎಲ್ಲಿ ಕಾಣುತ್ತದೆ? ಕೋಟೆ ನೋಡಲು ಸಿಗುವುದಿಲ್ಲ. ಆದರೆ ಹೊಳೆಯ ತುದಿಯಲ್ಲಿರುವ ಜಾಗದ ಹೆಸರು ಇವತ್ತಿಗೂ ಕೋಟೆಪುರ. ಪೇಟೆಯ ಮೇಲ್ಗಡೆ ಭಾಗ ಮೇಲಂಗಡಿ. ಅಲ್ಲೇ ಸಯ್ಯಿದ್ ಮದನಿ ದರ್ಗಾ. ಐದು ವರ್ಷಕ್ಕೊಮ್ಮೆ ಉರೂಸ್ ಆದಾಗ ಕೇರಳದಿಂದಲೂ ಜನ ಬಂದು ಊರು ತುಂಬಿ ತುಳುಕುತ್ತದೆ. ಕಡಲ ಬದಿಯಲ್ಲಿ ಮೊಗವೀರಪಟ್ಣ. ತೆಂಕಣಕ್ಕೆ ಬಂಡೆಯ ಮೇಲೆ ಸೋಮನಾಥೇಶ್ವರ, ಕೆಳಗೆ ರುದ್ರಶಿಲೆಗೆ ಅಲೆ ಬಡಿಯುವ ಸದ್ದು. ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ಟಿಯನ್ ಇಗರ್ಜಿ. ಮೂಡು ಬದಿಯಲ್ಲಿ ಕುತ್ತಾರಿನ ಕೊರಗಜ್ಜ ದೈವದ ಕಟ್ಟೆ. ಅಲ್ಲಿಗೆ ಚಕ್ಕುಲಿ, ವೀಳ್ಯ ಹರಕೆ ಹೊತ್ತು ಎಲ್ಲ ಜಾತಿಯವರೂ ಬರುತ್ತಾರೆ. ರಸ್ತೆಯಲ್ಲಿ ಬ್ಯಾರಿ, ತುಳು, ಕೊಂಕಣಿ, ಮಲಯಾಳ ಎಲ್ಲ ಕಿವಿಗೆ ಬೀಳುತ್ತವೆ. ಹಳೆಯ ಊರು ಅಂದರೆ ಹೀಗೆಯೇ. ರಸ್ತೆಗಳು ಇಕ್ಕಟ್ಟು, ಮನೆಗಳು ಒತ್ತೊತ್ತು, ಜಾಗದ ಪತ್ರಗಳಲ್ಲಿ ಪಾಲುದಾರರು ಜಾಸ್ತಿ. ಆದರೆ ರಾತ್ರಿ ಹನ್ನೊಂದಕ್ಕೆ ಹುಷಾರು ತಪ್ಪಿದರೆ ಬಾಗಿಲು ತಟ್ಟಲು ನಾಲ್ಕು ಮನೆ ಇರುತ್ತವೆ.

ಸುರತ್ಕಲ್ಲಿಗೂ ಹಳೆಯ ಬೇರು ಇಲ್ಲದೆ ಇಲ್ಲ. ಕಡಲ ಬದಿಯ ಸದಾಶಿವ ಮಹಾಗಣಪತಿ ದೇವಸ್ಥಾನ ಹಳೆಯದು. ಯಕ್ಷಗಾನ ಬಲ್ಲವರಿಗೆ ಸುರತ್ಕಲ್ ಮೇಳದ ಹೆಸರು ಹೇಳಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಿದ ಮೇಳ ಅದು. ಆದರೆ ಊರಿನ ದಿಕ್ಕು ಬದಲಾಯಿಸಿದವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಹೆಸರಿನಲ್ಲೇ ಉಳ್ಳಾಲ ಇರುವವರು ಸುರತ್ಕಲ್ ಕಟ್ಟಿದರು ಎನ್ನುವುದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. 1960ರಲ್ಲಿ ಶ್ರೀನಿವಾಸನಗರದಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಹಳಬರ ಬಾಯಲ್ಲಿ ಅದು ಇನ್ನೂ ಕೆಆರ್‌ಇಸಿ. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಟಿಕೆ ಆಯಿತು. ಪಣಂಬೂರಿನ ನವ ಮಂಗಳೂರು ಬಂದರೂ ಅವರ ಕನಸೇ. ಬಂದರು ಶುರುವಾದದ್ದು 1974ರಲ್ಲಿ, ಮಲ್ಯರು 1965ರಲ್ಲೇ ತೀರಿಕೊಂಡಿದ್ದರು. ಅದನ್ನು ಅವರು ಕಣ್ಣಿಂದ ನೋಡಲಿಲ್ಲ.

ಬಂದರು ಬಂದ ಮೇಲೆ ಒಂದರ ಹಿಂದೆ ಒಂದು ಬಂದವು. ಎಂಸಿಎಫ್ ಗೊಬ್ಬರದ ಕಾರ್ಖಾನೆ, ಕುದುರೆಮುಖದಿಂದ ಕೊಳವೆಯಲ್ಲಿ ಅದಿರು ಹರಿದು ಬರುತ್ತಿದ್ದ ಪೆಲೆಟ್ ಘಟಕ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ. ಇದರ ಬೆಲೆ ಕೊಟ್ಟವರೂ ಇದ್ದಾರೆ. ಬಂದರಿಗಾಗಿ ಗದ್ದೆ, ಮನೆ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಸೈಟು ಕೊಟ್ಟರು. ಆ ಎರಡು ಊರುಗಳ ನೇರ ರಸ್ತೆ, ಬ್ಲಾಕ್ ನಂಬರುಗಳನ್ನು ನೋಡಿದರೆ ಯಾರೋ ಕಾಗದದ ಮೇಲೆ ಗೆರೆ ಎಳೆದು ಮಾಡಿದ ಊರು ಎಂದು ಗೊತ್ತಾಗುತ್ತದೆ. ಸುರತ್ಕಲ್ಲಿನಲ್ಲಿ ನೆರೆಯವರು ಬಿಹಾರದ ಎಂಜಿನಿಯರ್ ಇರಬಹುದು, ಆಂಧ್ರದ ಪ್ರೊಫೆಸರ್ ಇರಬಹುದು. ನಾಲ್ಕು ವರ್ಷ ಇದ್ದು ಹೋಗುತ್ತಾರೆ. ಬಾಡಿಗೆ ಮನೆ ಸುಲಭವಾಗಿ ಸಿಗುತ್ತದೆ, ಯಾರೂ ಹೆಚ್ಚು ಕೇಳುವುದಿಲ್ಲ. ಹೊರಗಿನಿಂದ ಬಂದವರಿಗೆ ಇದು ಹಗುರ. ನನ್ನ ಅಕ್ಕನಂಥವರಿಗೆ, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುವವರು ಬೇಕು ಅನ್ನುವವರಿಗೆ, ಸ್ವಲ್ಪ ಖಾಲಿ ಅನ್ನಿಸಬಹುದು.

ಇನ್ನು ಕಡಲು. ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾಗ ನೋಡಲು ಎಲ್ಲರೂ ಡಿಸೆಂಬರಿನಲ್ಲಿ ಬರುತ್ತಾರೆ. ಆಗ ಕಡಲು ಮಗುವಿನ ಹಾಗೆ ಇರುತ್ತದೆ. ದಯವಿಟ್ಟು ಜೂನ್ ಕೊನೆಗೆ ಬನ್ನಿ. ಉಳ್ಳಾಲದಲ್ಲಿ ಕಡಲ ಕೊರೆತ ಹಳೆಯ ನೋವು. ಮೊಗವೀರಪಟ್ಣ, ಸುಭಾಷ್ ನಗರ, ಕೋಟೆಪುರದಲ್ಲಿ ತೆಂಗಿನ ಮರ, ಮನೆ, ರಸ್ತೆ ಎಲ್ಲ ಹೋದದ್ದನ್ನು ನೋಡಿದವರು ಇದ್ದಾರೆ. ಅಳಿವೆ ಬಾಗಿಲಿಗೆ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಜಾಸ್ತಿಯಾಯಿತು ಎಂದು ಮೀನುಗಾರರು ಹೇಳುತ್ತಾರೆ. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ ಕಡಲೊಳಗೆ ಅಲೆಯ ರಭಸ ತಡೆಯುವ ರೀಫ್ ಹಾಕಿದರು, ದಂಡೆಯಲ್ಲಿ ಕಲ್ಲಿನ ದಿಬ್ಬ (ಬರ್ಮ್) ಕಟ್ಟಿದರು. ಉಳ್ಳಾಲದಲ್ಲಿ ಸ್ವಲ್ಪ ಹಿಡಿತಕ್ಕೆ ಬಂತು. ಆದರೆ ತೆಂಕಣದ ಉಚ್ಚಿಲ, ಬಟ್ಟಪಾಡಿಯಲ್ಲಿ ಕೊರೆತ ಕಾಡುತ್ತಲೇ ಇದೆ. ಅದೇ ಬಟ್ಟಪಾಡಿಯ ಎದುರು 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ತುಂಬಿದ್ದ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿತು. ಕೋಸ್ಟ್ ಗಾರ್ಡ್‌ನವರು 15 ಮಂದಿ ಸಿರಿಯಾದ ನಾವಿಕರನ್ನು ಉಳಿಸಿದರು. ಮಳೆಗಾಲದ ಈ ಕಡಲು ಎಂಥದ್ದು ಎಂದು ಅಂದಾಜು ಮಾಡಿಕೊಳ್ಳಿ.

ಸುರತ್ಕಲ್ ಬದಿ ಸುರಕ್ಷಿತ ಎಂದು ತಿಳಿಯಬೇಡಿ. ಬೈಕಂಪಾಡಿಯ ಮೀನಕಳಿಯ, ಮುಕ್ಕ, ಸಸಿಹಿತ್ಲು, ಎಲ್ಲ ಕಡೆ ಮಳೆಗಾಲದಲ್ಲಿ ಅಲೆ ಒಳಗೆ ಬರುತ್ತದೆ. ಎನ್‌ಐಟಿಕೆ ಬೀಚ್‌ನಲ್ಲಿ ಬಂಡೆ ಇದೆ, ಮೇಲೆ 1972ರ ದೀಪಸ್ತಂಭ ಇದೆ. ನೋಡಲು ಬಹಳ ಚಂದ. ಈಜಲು ಒಳ್ಳೆಯದಲ್ಲ. ಮನೆ ನೋಡುವಾಗ ಒಂದು ಕೆಲಸ ಮಾಡಿ. ಹತ್ತಿರದ ಹಿರಿಯರ ಹತ್ತಿರ, "ನಿಮ್ಮ ಸಣ್ಣದಿನಲ್ಲಿ ಕಡಲು ಎಲ್ಲಿತ್ತು?" ಎಂದು ಕೇಳಿ. ಅವರು ಕೈ ತೋರಿಸುವ ಜಾಗ ಈಗ ನೀರಿನೊಳಗೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಬೇರು ಹೊರಗೆ ಬಿದ್ದ ತೆಂಗಿನ ಮರ, ಹೊಸದಾಗಿ ಸುರಿದ ಕಪ್ಪು ಕಲ್ಲು, ಇವು ಬ್ರೋಕರ್‌ಗಿಂತ ಹೆಚ್ಚು ನಿಜ ಹೇಳುತ್ತವೆ. ಕಡಲ ತೀರದಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಕ್ಷೆಯಲ್ಲಿ ಜಾಗ ಎಲ್ಲಿ ಬರುತ್ತದೆ ಎಂದು ನೋಡದೆ ಮುಂಗಡ ಕೊಡಬೇಡಿ. ಹೊಳೆ ಬದಿಗೂ ಆ ನಿಯಮ ಇದೆ, ತುಂಬ ಜನರಿಗೆ ಅದು ಗೊತ್ತಿಲ್ಲ.

ಕಡಲಿಗೆ ಹೆದರಿ ಮೂಡು ಬದಿಯ ಗುಡ್ಡಕ್ಕೆ ಹೋಗುತ್ತೇವೆ ಅಂದರೆ ಅಲ್ಲೂ ಒಂದು ಮಾತು. ಉಳ್ಳಾಲದ ಹಿಂದೆ ಕೋಟೆಕಾರು, ಕುತ್ತಾರು, ದೇರಳಕಟ್ಟೆ ಎಲ್ಲ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ. ಗುಡ್ಡ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಸೈಟು ಮಾಡುತ್ತಾರೆ. 2024ರ ಜೂನ್‌ನಲ್ಲಿ ಕುತ್ತಾರಿನ ಮದನಿ ನಗರದಲ್ಲಿ ಪಕ್ಕದ ಆವರಣ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ಹೋದರು. ಸೈಟಿನ ಮೇಲ್ಗಡೆ ಏನಿದೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ಗೋಡೆಯಲ್ಲಿ ನೀರು ಬಸಿಯಲು ತೂತು ಇದೆಯೇ ಎಂದು ಮಳೆ ಬರುವಾಗಲೇ ನಿಂತು ನೋಡಬೇಕು.

ಆಸ್ಪತ್ರೆ ವಿಷಯದಲ್ಲಿ ಉಳ್ಳಾಲ ಬದಿ ಮೇಲು, ಅನುಮಾನವೇ ಇಲ್ಲ. ದೇರಳಕಟ್ಟೆಯ ಸುತ್ತ ಕೆ.ಎಸ್. ಹೆಗ್ಡೆ, ಯೆನೆಪೋಯ, ಕಣಚೂರು, ಮೂರು ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಅಲ್ಲೇ ಮುಂದೆ ಕೊಣಾಜೆಯಲ್ಲಿ 1980ರಿಂದ ಮಂಗಳೂರು ವಿಶ್ವವಿದ್ಯಾಲಯ. ಸುರತ್ಕಲ್ಲಿನಲ್ಲಿ ಸಣ್ಣ ಆಸ್ಪತ್ರೆಗಳಿವೆ, ಮುಕ್ಕದಲ್ಲಿ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ. ಆದರೆ ದೊಡ್ಡ ಚಿಕಿತ್ಸೆಗೆ ಜನ ಈಗಲೂ ಮಂಗಳೂರಿನ ಕಡೆಗೇ ಓಡುತ್ತಾರೆ. ಮಂಗಳೂರು ಪೇಟೆಯಿಂದ ಉಳ್ಳಾಲಕ್ಕೆ ಸುಮಾರು 10 ಕಿಲೋಮೀಟರ್, ಸುರತ್ಕಲ್ಲಿಗೆ 16-17. ನಡುವೆ ಕೂಳೂರು ಸೇತುವೆ ಮತ್ತು ಬಂದರಿನ ಲಾರಿ, ಟ್ಯಾಂಕರ್‌ಗಳ ಸಾಲು. ಆಂಬುಲೆನ್ಸಿನಲ್ಲಿ ಕೂತವರಿಗೆ ಆ ದಾರಿ ಎಷ್ಟು ಉದ್ದ ಎಂದು ನಾನು ಒಮ್ಮೆ ಕಂಡಿದ್ದೇನೆ. ಉಳ್ಳಾಲಕ್ಕೂ ಇಂಥದ್ದೇ ಒಂದು ಇಕ್ಕಟ್ಟಿದೆ. ಪೇಟೆಗೆ ಹೋಗಲು ಹೆದ್ದಾರಿಯ ನೇತ್ರಾವತಿ ಸೇತುವೆಯೇ ಗತಿ. ಅಲ್ಲಿ ಒಂದು ಗಾಡಿ ಕೆಟ್ಟರೆ ತೊಕ್ಕೊಟ್ಟಿನವರೆಗೆ ನಿಲ್ಲುತ್ತದೆ. ಈಗ ಹರೇಕಳ-ಅಡ್ಯಾರ್ ಕಿಂಡಿ ಅಣೆಕಟ್ಟಿನ ಮೇಲೆ ದಾರಿಯಾಗಿದೆ, ಒಳಗಿನ ಊರಿನವರಿಗೆ ಅನುಕೂಲ. ಹರೇಕಳ ಅಂದಾಗ ಹಾಜಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿನಲ್ಲಿ ಶಾಲೆ ಕಟ್ಟಿಸಿದವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ರೈಲು: ಕೇರಳದ ಕಡೆ ನೆಂಟರಿದ್ದರೆ ಉಳ್ಳಾಲ, ಮುಂಬೈ-ಗೋವೆ ಓಡಾಟ ಇದ್ದರೆ ಕೊಂಕಣ ರೈಲ್ವೆಯ ಸುರತ್ಕಲ್. ಬಜ್ಪೆ ವಿಮಾನ ನಿಲ್ದಾಣವೂ ಸುರತ್ಕಲ್ಲಿನಿಂದ ಹತ್ತಿರ. ಹೆದ್ದಾರಿಯ ಸುರತ್ಕಲ್ ಟೋಲ್ 2022ರ ಡಿಸೆಂಬರಿನಲ್ಲಿ ನಿಂತಿತು. ಜನ ತುಂಬ ದಿನ ಹೋರಾಡಿ ನಿಲ್ಲಿಸಿದರು.

ಗಾಳಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಉಳ್ಳಾಲದ ಕೋಟೆಪುರ ಬದಿಯಲ್ಲಿ ಮೀನೆಣ್ಣೆ, ಮೀನು ಹುಡಿ ಕಾರ್ಖಾನೆಗಳಿವೆ. ಗಾಳಿ ತಿರುಗಿದ ದಿನ ಕಿಟಕಿ ತೆರೆಯಲಾಗುವುದಿಲ್ಲ. ಸುರತ್ಕಲ್ಲಿನ ಹಿಂದೆ ಜೋಕಟ್ಟೆ ಕಡೆಯವರು ಕೋಕ್ ಹುಡಿ ಮತ್ತು ಹೊಗೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ನೋಡಿದ ಮನೆಗೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ. ಬಾವಿ ಇದ್ದರೆ ಏಪ್ರಿಲ್-ಮೇಯಲ್ಲಿ ನೀರು ಬಾಯಿಗೆ ಹಾಕಿ ನೋಡಿ. ದಂಡೆಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಹತ್ತುವುದುಂಟು. ಸುರತ್ಕಲ್ ಮಂಗಳೂರು ಮಹಾನಗರಪಾಲಿಕೆಯ ಒಳಗೆ ಬರುವುದರಿಂದ ತುಂಬೆ ಅಣೆಕಟ್ಟಿನ ನೀರಿನ ಪಾಲು ಸಿಗುತ್ತದೆ. ಉಳ್ಳಾಲಕ್ಕೆ ಬೇರೆ ನಗರಸಭೆ. ಅಷ್ಟೇ ಅಲ್ಲ, "ಉಳ್ಳಾಲ" ಎಂದು ತೋರಿಸಿದ ಜಾಗ ಸೋಮೇಶ್ವರ ಪುರಸಭೆಯಲ್ಲೋ ಕೋಟೆಕಾರು ಪಟ್ಟಣ ಪಂಚಾಯತಿನಲ್ಲೋ ಇರಬಹುದು. ತೆರಿಗೆ ಎಲ್ಲಿ ಕಟ್ಟಬೇಕು, ಇ-ಖಾತಾ ಆಗಿದೆಯೇ, ಕೃಷಿ ಜಮೀನು ಮನೆ ಕಟ್ಟಲು ಕನ್ವರ್ಷನ್ ಆಗಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮೀನು ಎರಡೂ ಕಡೆ ಚೆನ್ನಾಗಿ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಾಡದೋಣಿಯವರು ತಂದ ಮೀನೇ ಗತಿ, ಕ್ರಯವೂ ಜಾಸ್ತಿ. ಆದರೆ ಕೈರಂಪಣಿ ಬಲೆ ಎಳೆದ ತಕ್ಷಣ ದಂಡೆಯಲ್ಲೇ ನಿಂತು ಬೂತಾಯಿ ಕೊಳ್ಳುವ ಸುಖ ಬೇಕಿದ್ದರೆ ಉಳ್ಳಾಲ-ಸೋಮೇಶ್ವರ ಬದಿಗೆ ನನ್ನ ಮತ. ಇನ್ನೊಂದು ಸಣ್ಣ ಸಂಗತಿ. ಉಳ್ಳಾಲದಲ್ಲಿ ಗೇರು ಸಂಶೋಧನೆಯ ಕೃಷಿ ಕೇಂದ್ರ ಇದೆ. ಉಳ್ಳಾಲ-1, ಉಳ್ಳಾಲ-3 ಅಂತ ಗೇರು ತಳಿಗಳೇ ಇವೆ. ಹಿತ್ತಿಲು ಇದ್ದರೆ ಒಂದು ಗಿಡ ತಂದು ನೆಡಿ.

ಎರಡೂ ಭಾಗ ಕೋಮು ಗಲಾಟೆಯ ಕೆಟ್ಟ ದಿನಗಳನ್ನು ಕಂಡಿವೆ. ಅದನ್ನು ಮುಚ್ಚಿಟ್ಟು ಮನೆ ತೋರಿಸುವುದು ಸರಿಯಲ್ಲ. ಆ ದಿನಗಳಲ್ಲಿ ನಿಮ್ಮ ಬೀದಿಯವರು ಹೇಗೆ ನಡೆದುಕೊಂಡರು ಎಂದು ಮೂಲೆಯ ಅಂಗಡಿಯವರನ್ನು ಕೇಳಿ. ಊರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಬೀದಿ ನೋಡಿ ಮಾಡಿ.

ಮೂರನೆಯದಾಗಿ ಮೂಲ್ಕಿಯನ್ನು ಕೆಲವರು ಹೇಳುತ್ತಾರೆ. ಸುರತ್ಕಲ್ಲಿನಿಂದ ಇನ್ನೂ ಬಡಗಣಕ್ಕೆ, ಶಾಂಭವಿ ಹೊಳೆಯ ದಂಡೆಯಲ್ಲಿ. ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಕಥೆಯೊಂದಿಗೆ ಬೆಸೆದ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ, ಆ ದೊಡ್ಡ ಡೋಲು, ಸ್ವಾತಂತ್ರ್ಯಕ್ಕಾಗಿ ಇದ್ದಬದ್ದದ್ದೆಲ್ಲ ಕೊಟ್ಟ ಕಾರ್ನಾಡು ಸದಾಶಿವರಾಯರು, ಎಲ್ಲ ಆ ಊರಿಗೆ ಸೇರಿದ್ದು. ಶಾಂತವಾದ ಊರು. ಸಸಿಹಿತ್ಲಿನಲ್ಲಿ ಸರ್ಫಿಂಗ್ ಕಲಿಯುವ ಹುಡುಗರಿಗೂ ಒಳ್ಳೆಯದು. ಆದರೆ ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ದೂರ.

ಎಂಆರ್‌ಪಿಎಲ್, ಬಂದರು, ಎನ್‌ಐಟಿಕೆಯಲ್ಲಿ ಕೆಲಸ ಇದ್ದವರು, ಎರಡು ಮೂರು ವರ್ಷ ಮಾತ್ರ ಇರುವವರು, ಮುಂಬೈಗೆ ಆಗಾಗ ಹೋಗಿ ಬರುವವರು ಹೆಚ್ಚು ಯೋಚಿಸದೆ ಸುರತ್ಕಲ್ ಆರಿಸಿಕೊಳ್ಳಲಿ. ಕುಳಾಯಿ ಮೇಲಿನ ಭಾಗ, ಕೃಷ್ಣಾಪುರ ನೋಡಲಿ. ಹೆದ್ದಾರಿಗೆ ಅಂಟಿದ ಫ್ಲಾಟ್ ಬೇಡ, ರಾತ್ರಿ ಇಡೀ ಟ್ಯಾಂಕರ್ ಸದ್ದು. ವಯಸ್ಸಾದವರು, ಮಕ್ಕಳು ದೇರಳಕಟ್ಟೆಯಲ್ಲಿ ಓದುವವರು, ಸಂಬಂಧ ಬೆಳೆಸಿಕೊಂಡು ಬದುಕಬೇಕು ಅನ್ನುವವರು ಉಳ್ಳಾಲ ಬದಿಗೆ ಬರಲಿ. ಆದರೆ ಕಡಲಿಗೆ ಎದುರಾಗಿ ಅಲ್ಲ. ರೈಲು ಹಳಿಯ ಮೂಡು ಬದಿಗೆ, ತೊಕ್ಕೊಟ್ಟಿನ ಆಸುಪಾಸು. ಅಲ್ಲಿಂದ ಕಡಲಿಗೆ ಸಂಜೆ ನಡೆದುಕೊಂಡು ಹೋಗಬಹುದು, ರಾತ್ರಿ ಹೆದರದೆ ಮಲಗಬಹುದು.

ನನ್ನ ಅಕ್ಕನಿಗೂ ಅದನ್ನೇ ಹೇಳಿದೆ. ಖರೀದಿ ಆಮೇಲೆ, ಮೊದಲು ಒಂದು ಮಳೆಗಾಲ ಬಾಡಿಗೆಗೆ ಇರಿ ಎಂದೆ. ಮೇ ಕೊನೆಗೆ ಪೆರ್ಮನ್ನೂರಿನಲ್ಲಿ ಹಂಚಿನ ಮನೆಯೊಂದಕ್ಕೆ ಬಂದರು. ಮೊದಲ ವಾರ ಭಾವನಿಗೆ ಕಡಲ ಸದ್ದಿಗೆ ನಿದ್ದೆ ಬರಲಿಲ್ಲವಂತೆ. ಈಗ ದಿನಾ ಸಂಜೆ ಕೊಡೆ ಹಿಡಿದು ಸೋಮೇಶ್ವರದವರೆಗೆ ಹೋಗಿ ಬರುತ್ತಾರೆ, ಬರುವಾಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕನಿಗೆ ವರದಿ ಕೊಡುತ್ತಾರೆ.